ಹುಟ್ಟಿದ ಊರು, ಆರಿಸಿದ ಊರು

(ಮುಂಬಯಿಯಲ್ಲಿ ನಡೆದ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೇದಿಕೆ ಹತ್ತಿದವನು ಕದಂಬರಿಂದ ಹೊರಟು, ವಿಜಯನಗರದಲ್ಲಿ ಒಂದು ಗಳಿಗೆ ತಂಗಿ, ಏಕೀಕರಣಕ್ಕೆ ಬಂದು ಮುಟ್ಟುವುದು ವಾಡಿಕೆ. ಆ ಮಾತುಗಳನ್ನು ನನಗಿಂತ ಸೊಗಸಾಗಿ ಆಡಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ಆದುದರಿಂದ ಅದನ್ನು ಅವರಿಗೆ ಬಿಟ್ಟು, ನಮ್ಮ ಕರಾವಳಿಯಿಂದ ನಮ್ಮ ಹಾಗೆಯೇ ಬರಿಗೈಯಲ್ಲಿ ಈ ಪಟ್ಟಣಕ್ಕೆ ಬಂದು, ಒಂಬತ್ತು ಸಾರಿ ಲೋಕಸಭೆಗೆ ಆರಿಸಿಹೋದ ಒಬ್ಬರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವರು ಜಾರ್ಜ್ ಫರ್ನಾಂಡಿಸರು. ಅವರನ್ನು ಹೊಗಳುವುದಕ್ಕಾಗಿ ನಾನು ನಿಂತಿಲ್ಲ, ತೆಗಳುವುದಕ್ಕಾಗಿಯೂ ಅಲ್ಲ. ಅವರ ಬಾಳನ್ನು ನೋಡುತ್ತ ಹೊರನಾಡಿನ ಕನ್ನಡಿಗರಾದ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ.

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. 1967ರಲ್ಲಿ ನನಗೆ ಇಪ್ಪತ್ತೆರಡು ವರುಷ. ಹಗಲು ಫೋರ್ಟಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕುಳಿತು ಸಂಜೆ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ದಕ್ಷಿಣದವರು ಇಲ್ಲಿಯವರ ಕೆಲಸ ಕಸಿಯುತ್ತಾರೆಂಬ ಕೂಗು ಎದ್ದಿದ್ದ ಕಾಲವದು. ಊರಿನಿಂದ ತಂದೆಯವರು ಬರೆಯುತ್ತಿದ್ದ ಪ್ರತಿ ಕಾಗದದಲ್ಲಿಯೂ “ಯಾರ ತಂಟೆಗೂ ಹೋಗಬೇಡ” ಎಂಬ ಬುದ್ಧಿವಾದ ಇರುತ್ತಿತ್ತು. ಆ ಫೆಬ್ರವರಿಯ ಮಹಾಚುನಾವಣೆಯಲ್ಲಿ ನನ್ನ ಹೆಸರು ಮತದಾರರ ಪಟ್ಟಿಯಲ್ಲಿರಲಿಲ್ಲ. ಹೊಟ್ಟೆಪಾಡಿಗೆ ಬಂದವನಿಗೆ ಇಲ್ಲಿಯ ರಾಜಕೀಯವೇಕೆ ಎಂದು ಬರೆಯಿಸಿಯೇ ಇರಲಿಲ್ಲ.

ನಮ್ಮ ಹೋಟೆಲಿಗೆ ನಿತ್ಯ ಚಹಕ್ಕೆ ಬರುತ್ತಿದ್ದ ಉತ್ತರದ ಕಡೆಯ ಟ್ಯಾಕ್ಸಿ ಚಾಲಕರೊಬ್ಬರು ಫಲಿತಾಂಶ ಬಂದ ದಿನ ನಗುನಗುತ್ತ, “ನಿಮ್ಮ ಊರಿನವರು ಗೆದ್ದರಲ್ಲ, ನೀನು ಓಟು ಹಾಕಿದೆಯೋ?” ಎಂದು ಕೇಳಿದರು. ನಾನು ತಲೆ ತಗ್ಗಿಸಿ, “ಇಲ್ಲ. ನಿಮ್ಮ ಊರಿನವರಲ್ಲದಿದ್ದರೂ ನೀವೇಕೆ ಹಾಕಿದಿರಿ?” ಎಂದೆ. ಆತ ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ: “ಅವರು ನಮ್ಮ ಊರಿನವರಲ್ಲ, ನಿಜ. ಆದರೆ ನಮ್ಮ ಸ್ಟ್ಯಾಂಡಿನವರು.”

ಮಹನೀಯರೇ, ಒಬ್ಬ ಪ್ರತಿನಿಧಿಯನ್ನು ಅಳೆಯುವ ಕೋಲು ಯಾವುದು? ಅವನ ಹುಟ್ಟೂರೋ, ಅವನು ನಮ್ಮ ಪಕ್ಕದಲ್ಲಿ ನಿಂತ ಜಾಗವೋ? ನಾನು ಹೇಳಿದ ಪ್ರಶ್ನೆ ಇದೇ.

ಜಾರ್ಜರು ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನಲ್ಲಿ. ಆರು ಮಂದಿ ಗಂಡುಮಕ್ಕಳಲ್ಲಿ ಹಿರಿಯವರು. ಐದನೆಯ ಜಾರ್ಜ್ ದೊರೆಯ ಜನ್ಮದಿನವೂ ಅದೇ ಆದುದರಿಂದ ತಾಯಿ ಆ ಹೆಸರನ್ನಿಟ್ಟರಂತೆ. ಪಾದ್ರಿಯಾಗಲೆಂದು ಮನೆಯವರು ಅವರನ್ನು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದರು. ಅಲ್ಲಿ ಹಿರಿಯ ಗುರುಗಳಿಗೆ ಒಂದು ಪಂಕ್ತಿ, ಕಲಿಯುವ ಹುಡುಗರಿಗೆ ಇನ್ನೊಂದು, ಊಟದಲ್ಲಿಯೂ ವ್ಯತ್ಯಾಸ. ಆಡುವ ಮಾತಿಗೂ ನಡೆಯುವ ರೀತಿಗೂ ಇದ್ದ ಆ ಅಂತರ ಸಹಿಸದೆ ಹೊರಬಂದೆನೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಮಂಗಳೂರಿಗೆ ಮರಳಿ ಹೋಟೆಲು ಕೆಲಸದವರನ್ನೂ ಮೋಟಾರು ಕೆಲಸದವರನ್ನೂ ಸಂಘಟಿಸತೊಡಗಿದರು. 1949ರಲ್ಲಿ ಕೊಂಕಣಿಯಲ್ಲಿ ‘ಕೊಂಕಣಿ ಯುವಕ’, ಕನ್ನಡದಲ್ಲಿ ‘ರೈತವಾಣಿ’ ಎಂಬ ಪತ್ರಿಕೆಗಳ ಸಂಪಾದಕರಾಗಿದ್ದರು.

ಅದೇ ವರ್ಷ ಮುಂಬಯಿಗೆ ಬಂದರು. ಕೆಲಸವಿಲ್ಲ, ತಂಗಲು ಜಾಗವಿಲ್ಲ. ಚೌಪಾಟಿಯ ಬೆಂಚಿನ ಮೇಲೆ ರಾತ್ರಿ ಕಳೆದರು. ಬಳಿಕ ಒಂದು ವೃತ್ತಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಹಡಗುಕಟ್ಟೆಯ ಕಾಮಗಾರರ ಮುಂದಾಳು ಪ್ಲಾಸಿಡ್ ಡಿಮೆಲ್ಲೋ ಅವರ ಬಳಿ ಸಂಘಟನೆಯ ಪಾಠ ಕಲಿತರು. ಡಿಮೆಲ್ಲೋ 1958ರಲ್ಲಿ ತೀರಿಕೊಂಡ ಮೇಲೆ ಆ ಭಾರವೂ ಜಾರ್ಜರ ಹೆಗಲಿಗೆ ಬಂದಿತು. ಹಡಗುಕಟ್ಟೆಯವರು, ನಗರಸಭೆಯ ನೌಕರರು, ಟ್ಯಾಕ್ಸಿಯವರು, ಹೀಗೆ ಊರು ಮಲಗಿದ್ದಾಗ ಎಚ್ಚರವಿದ್ದು ದುಡಿಯುವವರೆಲ್ಲ ಅವರ ಬಳಗವಾದರು. 1961ರಿಂದ 1968ರವರೆಗೆ ಅವರು ಮುಂಬಯಿ ನಗರಸಭೆಯ ಸದಸ್ಯರಾಗಿದ್ದರು.

1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ದಕ್ಷಿಣ ಮುಂಬಯಿಯಲ್ಲಿ ಅವರು ಎದುರಿಸಿದ್ದು ಸದಾಶಿವ ಕಾನೋಜಿ ಪಾಟೀಲರನ್ನು. ಮೂರು ಸಾರಿ ಮುಂಬಯಿಯ ಮೇಯರಾಗಿದ್ದವರು, ಕೇಂದ್ರದ ಮಂತ್ರಿ, ಕಾಂಗ್ರೆಸ್ಸಿನ ಬಲಿಷ್ಠ ನಾಯಕ. ದೇವರಿಂದಲೂ ಅವರನ್ನು ಸೋಲಿಸಲಾಗದೆಂಬ ಮಾತು ಊರಲ್ಲೆಲ್ಲ ಹರಡಿತ್ತು. ಜಾರ್ಜರ ಪ್ರಚಾರ ಆ ಮಾತನ್ನೇ ಹಿಡಿದುಕೊಂಡಿತು. ‘ದೇವರಿಂದಾಗದಿದ್ದರೆ ಹೋಗಲಿ, ನಿಮ್ಮಿಂದ ಆಗುತ್ತದೆ’ ಎಂಬ ಅರ್ಥದ ಭಿತ್ತಿಪತ್ರಗಳು ಗೋಡೆಗೋಡೆಗಳಲ್ಲಿ ಕಾಣಿಸಿಕೊಂಡವು. ಅಧಿಕಾರವಿರುವುದು ಗದ್ದುಗೆಯ ಮೇಲೆ ಕುಳಿತವನ ಕೈಯಲ್ಲಲ್ಲ, ಓಟಿನ ಚೀಟಿ ಹಿಡಿದವನ ಕೈಯಲ್ಲಿ ಎಂಬುದೇ ಅವರ ಪ್ರಚಾರದ ಸಾರ. ಪಾಟೀಲರು ಸೋತರು.

ಅದೇ ಕ್ಷೇತ್ರ 1971ರಲ್ಲಿ ಅವರನ್ನು ಸೋಲಿಸಿತು ಎಂಬುದನ್ನೂ ಹೇಳಿಬಿಡುತ್ತೇನೆ. ಆರಿಸಿದ ಊರು ಒಮ್ಮೆ ಆರಿಸಿದೆನೆಂದು ಶಾಶ್ವತವಾಗಿ ಬರೆದುಕೊಡುವುದಿಲ್ಲ.

1973ರಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಮಹಾಮಂಡಲದ ಅಧ್ಯಕ್ಷರಾದರು. ರೈಲ್ವೆಯವರಿಗೆ ಎಂಟು ಗಂಟೆಯ ದುಡಿಮೆ, ಬೋನಸ್ಸು, ಸರಕಾರಿ ಉದ್ಯಮಗಳ ನೌಕರರಿಗೆ ಸಮನಾದ ಸಂಬಳ, ಇವು ಮುಖ್ಯ ಬೇಡಿಕೆಗಳು. 1974ರ ಮೇ 8ರಂದು ಮುಷ್ಕರ ಆರಂಭವಾಯಿತು. ಅದಕ್ಕೆ ಮೊದಲೇ ಅವರನ್ನು ಬಂಧಿಸಿದ್ದರು. ಸುಮಾರು ಇಪ್ಪತ್ತು ದಿನ ನಡೆದು ಮುಷ್ಕರ ಮುರಿದುಬಿದ್ದಿತು. ಸಾವಿರಾರು ಸಂಸಾರಗಳು ಕಷ್ಟಕ್ಕೆ ಸಿಕ್ಕಿದವು. ಬೋನಸ್ಸು ಮಾತ್ರ 1979ರಲ್ಲಿ ಕೈಗೂಡಿತು.

1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಜಾರ್ಜರು ಭೂಗತರಾದರು. ಅವರನ್ನು ಹುಡುಕುವ ನೆವದಲ್ಲಿ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಪ್ರಾಣಬಿಟ್ಟರು. ಒಬ್ಬ ನಾಯಕನ ನಿಲುವಿನ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ. ಅವನನ್ನು ನಂಬಿದವರೂ ತೆರುತ್ತಾರೆ. ಜಾರ್ಜರು 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಸೆರೆಸಿಕ್ಕರು. ಸಿಡಿಮದ್ದಿನಿಂದ ಸರಕಾರವನ್ನು ಉರುಳಿಸಲು ಹೊಂಚಿದರೆಂಬ ಆರೋಪ ಹೊರಿಸಿ ಬರೋಡಾ ಡೈನಮೈಟ್ ಮೊಕದ್ದಮೆ ಹೂಡಲಾಯಿತು. ಜನತಾ ಸರಕಾರ ಬಂದ ಮೇಲೆ ಆ ಮೊಕದ್ದಮೆಯನ್ನು ಹಿಂತೆಗೆದುಕೊಂಡರು.

1977ರ ಚುನಾವಣೆಗೆ ಅವರು ನಿಂತದ್ದು ಬಿಹಾರದ ಮುಜಫ್ಫರಪುರದಲ್ಲಿ. ಲೋಕಸಭೆಗೆ ನಿಲ್ಲುವವನು ದೇಶದ ಯಾವುದಾದರೊಂದು ಕ್ಷೇತ್ರದ ಮತದಾರನಾಗಿದ್ದರೆ ಸಾಕೆಂದು ನಮ್ಮ ಕಾನೂನು ಹೇಳುತ್ತದೆ. ಅಭ್ಯರ್ಥಿ ತಿಹಾರ್ ಸೆರೆಮನೆಯಲ್ಲಿದ್ದರು. ಪ್ರಚಾರಕ್ಕೆ ಹೋದದ್ದು ಕೈಕೋಳ ತೊಟ್ಟ ಅವರ ಭಾವಚಿತ್ರ. ಮೂರು ಲಕ್ಷಕ್ಕೂ ಮಿಕ್ಕಿದ ಮತಗಳ ಅಂತರದಿಂದ ಆ ಜನ ಅವರನ್ನು ಗೆಲ್ಲಿಸಿದರು. ಆ ಬಡ ರೈತಾಪಿ ಜನಕ್ಕೆ ಮಂಗಳೂರೆಲ್ಲಿ, ಕೊಂಕಣಿಯೆಲ್ಲಿ? ಅವರು ಕೇಳಿದ್ದು ಒಂದೇ: ನಮ್ಮ ಬಾಯಿ ಕಟ್ಟಿದಾಗ ಈತ ಯಾವ ಕಡೆ ನಿಂತಿದ್ದ?

ಮಂತ್ರಿಯಾದ ಮೇಲೆ ಮಾತು ಉಳಿಸಿಕೊಂಡರೇ? ಕೆಲವನ್ನು ಉಳಿಸಿಕೊಂಡರು. ಕೈಗಾರಿಕಾ ಮಂತ್ರಿಯಾಗಿದ್ದಾಗ, 1973ರ ವಿದೇಶಿ ವಿನಿಮಯ ಕಾಯಿದೆಯಂತೆ ಇಲ್ಲಿನ ವ್ಯವಹಾರದಲ್ಲಿ ತಮ್ಮ ಪಾಲನ್ನು ತಗ್ಗಿಸಬೇಕೆಂದು ಪರದೇಶದ ಕಂಪನಿಗಳಿಗೆ ಪಟ್ಟುಹಿಡಿದು ಹೇಳಿದರು. ಒಪ್ಪದ ಕೋಕಾಕೋಲಾ ಮತ್ತು ಐಬಿಎಂ ಕಂಪನಿಗಳು ದೇಶ ಬಿಟ್ಟವು. ಅದು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ನಡೆಯುತ್ತಿದೆ. ಆದರೆ ಹೇಳಿದ್ದನ್ನೇ ಮಾಡಿದರೆಂಬುದರಲ್ಲಿ ವಾದವಿಲ್ಲ.

ಇನ್ನು ಲೆಕ್ಕದ ಮತ್ತೊಂದು ಪುಟ. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರದ ಮೇಲೆ ಅವಿಶ್ವಾಸದ ಗೊತ್ತುವಳಿ ಬಂದಾಗ ಸರಕಾರದ ಪರವಾಗಿ ಲೋಕಸಭೆಯಲ್ಲಿ ಗುಡುಗಿದವರು ಜಾರ್ಜರು. ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟು ಚರಣ ಸಿಂಗರ ಕಡೆಗೆ ಹೋದವರೂ ಅವರೇ. ಜನಸಂಘದಿಂದ ಬಂದವರು ಆರೆಸ್ಸೆಸ್ಸಿನ ಸಂಬಂಧವನ್ನೂ ಉಳಿಸಿಕೊಳ್ಳಬಹುದೇ ಎಂಬ ಜಗಳ ಆ ಒಡಕಿಗೆ ಒಂದು ಕಾರಣವಾಗಿತ್ತು. ಆದರೆ 1994ರಲ್ಲಿ ಸಮತಾ ಪಕ್ಷ ಕಟ್ಟಿದ ಮೇಲೆ ಅವರು ಭಾರತೀಯ ಜನತಾ ಪಕ್ಷದೊಡನೆಯೇ ಕೈಜೋಡಿಸಿದರು. ಅಣ್ವಸ್ತ್ರವನ್ನು ವಿರೋಧಿಸುತ್ತಿದ್ದವರು 1998ರ ಮೇ ತಿಂಗಳಲ್ಲಿ ರಕ್ಷಣಾಮಂತ್ರಿಯಾಗಿ ಪೋಖರಣದ ಪರೀಕ್ಷೆಯನ್ನು ಸಮರ್ಥಿಸಿದರು. ಅವರೇ ಆ ಸ್ಥಾನದಲ್ಲಿದ್ದಾಗ 1999ರಲ್ಲಿ ಕಾರ್ಗಿಲ್ ಯುದ್ಧ ನಡೆಯಿತು. ಸಿಯಾಚಿನ್ನಿನ ಹಿಮದಲ್ಲಿರುವ ಯೋಧರ ಬಳಿಗೆ ಅವರು ಮತ್ತೆಮತ್ತೆ ಹೋಗಿಬಂದರು. ಅದೇ ಇಲಾಖೆಯ ಖರೀದಿಯ ವಿಷಯವಾಗಿ 2001ರಲ್ಲಿ ಆಪಾದನೆ ಎದ್ದಾಗ ರಾಜೀನಾಮೆ ಕೊಟ್ಟು, ಕೆಲವು ತಿಂಗಳ ಬಳಿಕ ಅದೇ ಸ್ಥಾನಕ್ಕೆ ಮರಳಿದರು. ಅಭಿಮಾನಿಗಳಾದವರು ಈ ಪುಟವನ್ನು ಹಾರಿಸಿ ಓದಬಾರದು. ಹಾಗೆಯೇ ವಿರೋಧಿಗಳು ಇದೊಂದನ್ನೇ ಓದಬಾರದು.

ನಮಗೆಲ್ಲ ಪ್ರಿಯವಾದ ಮಾತಿಗೆ ಈಗ ಬರುತ್ತೇನೆ. 1989ರ ಡಿಸೆಂಬರಿನಲ್ಲಿ ಜಾರ್ಜರು ರೈಲ್ವೆ ಮಂತ್ರಿಯಾದರು. ಒಂದು ಕಾಲದಲ್ಲಿ ರೈಲು ನಿಲ್ಲಿಸಿದವರು ಈಗ ರೈಲು ಹಾಕಲು ಹೊರಟರು. ಕೊಂಕಣದವರೇ ಆದ ಮಧು ದಂಡವತೆಯವರು ಆಗ ಅರ್ಥಮಂತ್ರಿಗಳು. 1990ರ ಜುಲೈನಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು, ಎಂಜಿನಿಯರ್ ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಬಂಡವಾಳದಲ್ಲಿ ರೈಲ್ವೆಯ ಪಾಲು ನೂರಕ್ಕೆ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವೆಯದೂ ಕೇರಳದ್ದೂ ಆರಾರು. ಉಳಿದ ಹಣವನ್ನು ಸಾಲಪತ್ರಗಳ ಮೂಲಕ ಜನರಿಂದ ಎತ್ತಿದರು. ರೋಹೆಯಿಂದ ತೋಕೂರಿನವರೆಗೆ 740 ಕಿಲೋಮೀಟರಿಗೂ ಹೆಚ್ಚಿನ ದಾರಿ, ತೊಂಬತ್ತಕ್ಕೂ ಮಿಕ್ಕ ಸುರಂಗಗಳು, ಸುಮಾರು 2,000 ಸೇತುವೆಗಳು. 1998ರ ಜನವರಿ 26ರಂದು ಪೂರ್ತಿ ಮಾರ್ಗ ತೆರೆಯಿತು.

ಅದಕ್ಕೆ ಮೊದಲು ನಾವು ಊರಿಗೆ ಹೋಗುತ್ತಿದ್ದುದು ಹೇಗೆಂದು ಇಲ್ಲಿಯ ಹಿರಿಯರಿಗೆ ನೆನಪಿದೆ. ಘಟ್ಟದ ತಿರುವುಗಳಲ್ಲಿ ಬಸ್ಸು ಹೊರಳಿದಂತೆಲ್ಲ ಹೊಟ್ಟೆಯೂ ಹೊರಳುತ್ತಿತ್ತು. ತಾಯಿಗೆ ಕಾಯಿಲೆಯೆಂದು ತಂತಿ ಬಂದು, ಹೊರಟು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿದ್ದ ಮನೆಗಳೆಷ್ಟೋ. ಇಂದು ಸಂಜೆ ಇಲ್ಲಿ ರೈಲು ಹತ್ತಿದವನು ಮರುದಿನ ಕಾರವಾರ, ಕುಮಟಾ, ಕುಂದಾಪುರ, ಉಡುಪಿಗಳಲ್ಲಿ ಇಳಿಯುತ್ತಾನೆ. ಆಗ ಕರ್ನಾಟಕದ ಯಾವ ಕ್ಷೇತ್ರದ ಓಟೂ ಜಾರ್ಜರನ್ನು ಪಾರ್ಲಿಮೆಂಟಿಗೆ ಕಳುಹಿಸಿರಲಿಲ್ಲ ಎಂಬುದನ್ನು ಮರೆಯಬೇಡಿ. ಕಳುಹಿಸಿದ್ದು ಮುಜಫ್ಫರಪುರ. 1984ರಲ್ಲಿ ಬೆಂಗಳೂರು ಉತ್ತರದಿಂದ ನಿಂತಿದ್ದರು. ಜಾಫರ್ ಷರೀಫರ ಎದುರು ಸೋತರು. ಹುಟ್ಟಿದ ನಾಡು ಅವರನ್ನು ಒಮ್ಮೆಯೂ ಆರಿಸಲಿಲ್ಲ. ಆರಿಸಿದವರು ಮುಂಬಯಿಯವರು ಮತ್ತು ಬಿಹಾರದವರು. ಬಿಹಾರದ ಬಡವರ ಓಟಿನಿಂದ ನಮಗೆ ರೈಲು ಬಂದಿತೆಂದರೆ ತಪ್ಪಾಗಲಾರದು.

2019ರ ಜನವರಿ 29ರಂದು, ಬಹುಕಾಲದ ಮರೆವಿನ ಕಾಯಿಲೆಯ ಬಳಿಕ, ಅವರು ದೆಹಲಿಯಲ್ಲಿ ತೀರಿಕೊಂಡರು. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂದಿತು. ಮಂತ್ರಿಯಾಗಿದ್ದಾಗ ಅವರ ದೆಹಲಿಯ ಮನೆಗೆ ಗೇಟು ಇರಲಿಲ್ಲ, ತೆಗೆಸಿಹಾಕಿದ್ದರು. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಸೆಮಿನರಿಯ ಪಂಕ್ತಿಭೇದವನ್ನು ಅವರು ಮರೆತಿರಲಿಲ್ಲವೆಂದು ತೋರುತ್ತದೆ.

ಮಹನೀಯರೇ, ‘ನಮ್ಮ ಊರಿನ ಜಾರ್ಜ್’ ಎಂದು ಎದೆಯುಬ್ಬಿಸುವುದು ಸುಲಭ. ನಾನು ಉಬ್ಬಿಸಲಾರೆ. 1967ರ ಅವರ ಚುನಾವಣೆಯ ದಿನ ನಾನು ಅರ್ಧ ಮೈಲಿಯಾಚೆ ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದೆ. ಹೊರನಾಡಿನ ನಮ್ಮಲ್ಲಿ ಇಂದಿಗೂ ಎಷ್ಟೋ ಮಂದಿಯ ಹೆಸರು ಇಲ್ಲಿಯ ಪಟ್ಟಿಯಲ್ಲಿಲ್ಲ; ಊರಿನ ಪಟ್ಟಿಯಲ್ಲಿದ್ದರೂ ಓಟಿನ ದಿನ ಅವರು ಅಲ್ಲಿರುವುದಿಲ್ಲ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯಂತೆ ಮತದಾರನ ಹೆಸರು ಇರಬೇಕಾದುದು ಅವನು ಸಾಮಾನ್ಯವಾಗಿ ವಾಸಿಸುವ ಕಡೆ; ಊರಲ್ಲೊಂದು ಮನೆಯಿದ್ದ ಮಾತ್ರಕ್ಕೆ ಅಲ್ಲಿಯ ನಿವಾಸಿಯಾಗುವುದಿಲ್ಲ. ನಾವು ವಾಸಿಸುವುದು ಇಲ್ಲಿ. ನಲ್ಲಿಯ ನೀರು, ಮಕ್ಕಳ ಶಾಲೆ, ಮುದುಕರ ಆಸ್ಪತ್ರೆ, ಎಲ್ಲವೂ ಇಲ್ಲಿಯವು. ಓಟು ಮಾತ್ರ ಎಲ್ಲಿಯದೂ ಅಲ್ಲವೆಂದರೆ ನಾವು ಪ್ರಜೆಗಳಲ್ಲ, ಬಿಡಾರದ ಜನ.

ಆದುದರಿಂದ ಈ ರಾಜ್ಯೋತ್ಸವದ ದಿನ ನನ್ನ ಬಿನ್ನಹ ಇಷ್ಟೇ. ಹದಿನೆಂಟು ತುಂಬಿದ ಮಗನ, ಮಗಳ ಹೆಸರನ್ನು ಮೊದಲು ಪಟ್ಟಿಗೆ ಸೇರಿಸಿ. ಓಟು ಕೇಳಲು ಬಂದವನನ್ನು ‘ಯಾವ ಊರು, ಯಾವ ಜಾತಿ’ ಎಂದು ಕೇಳಬೇಡಿ. ‘ಕಳೆದ ಸಾರಿ ಏನು ಹೇಳಿದ್ದೆ, ಏನು ಮಾಡಿದೆ’ ಎಂದು ಕೇಳಿ. ಮನೆಯ ಹಾಲಿನ ಲೆಕ್ಕ ಬರೆಯುವ ತಾಯಂದಿರಿಗೆ ಇಂಥವರ ಮಾತಿನ ಲೆಕ್ಕ ಬರೆಯುವುದು ಭಾರವಲ್ಲ. ಮನೆಯಲ್ಲಿ ಕನ್ನಡ ಮಾತನಾಡೋಣ, ಮಕ್ಕಳಿಗೆ ಓದಲು ಕಲಿಸೋಣ. ಅದು ಹುಟ್ಟಿದ ಊರಿಗೆ ಸಲ್ಲಿಸುವ ಋಣ. ಇಲ್ಲಿ ಓಟು ಹಾಕೋಣ. ಅದು ಅನ್ನ ಕೊಟ್ಟ ಊರಿಗೆ ಸಲ್ಲಿಸುವ ಋಣ.

1971ರಲ್ಲಿ ನನ್ನ ಹೆಸರು ಪಟ್ಟಿಯಲ್ಲಿತ್ತು. ಸಾಲಿನಲ್ಲಿ ಆ ಟ್ಯಾಕ್ಸಿ ಚಾಲಕರ ಹಿಂದೆಯೇ ನಿಂತಿದ್ದೆ. ನಾವಿಬ್ಬರೂ ಓಟು ಹಾಕಿದವರು ಆ ಸಾರಿ ಸೋತರು. ಆದರೂ ಅಂದು ಹೋಟೆಲಿಗೆ ಹಿಂದಿರುಗುವಾಗ ಈ ಪಟ್ಟಣದ ಬೀದಿ ಮೊದಲ ಬಾರಿಗೆ ನನ್ನದೂ ಹೌದೆಂದು ಅನಿಸಿತು.