ವಿಮಾನದ ಕಪ್ಪು ಪೆಟ್ಟಿಗೆ: ಸುಡದ ಸಾಕ್ಷಿ



ನಮ್ಮ ಕಾಸರಗೋಡಿನಲ್ಲಿ ಗಲ್ಫಿಗೆ ಹೋದವರು ಇಲ್ಲದ ಊರು ಉಂಟಾ? ಗಂಡ, ಮಗ, ತಮ್ಮ, ಅಳಿಯ, ಯಾರಾದರೂ ಒಬ್ಬರು ವಿಮಾನ ಹತ್ತಿಯೇ ಇರುತ್ತಾರೆ. ಹಾಗಾಗಿ ವಿಮಾನದ ವಿಷಯ ನಮಗೆ ದೂರದ್ದಲ್ಲ. ಇವತ್ತು ವಿಮಾನದ ಒಳಗಿರುವ ಒಂದು ಪೆಟ್ಟಿಗೆಯ ಬಗ್ಗೆ ಮಾತಾಡುವ.

2010ರ ಮೇ 22ರ ದಿನ ನಿಮಗೆ ನೆನಪಿರಬಹುದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗ್ಗೆ ಮಂಗಳೂರಿನ ಬಜ್ಪೆಯಲ್ಲಿ ಇಳಿಯಿತು. ಆದರೆ ನಿಲ್ಲಲಿಲ್ಲ. ರನ್‌ವೇ ದಾಟಿ ಗುಡ್ಡದ ಕೆಳಗೆ ಬಿತ್ತು. ಬೆಂಕಿ ಹತ್ತಿಕೊಂಡಿತು. 158 ಜನ ತೀರಿಹೋದರು. ಉಳಿದವರು 8 ಜನ ಮಾತ್ರ. ತೀರಿಹೋದವರಲ್ಲಿ ನಮ್ಮ ಜಿಲ್ಲೆಯವರೂ ಹಲವರು. ಇಬ್ಬರು ಪೈಲಟರೂ ಉಳಿಯಲಿಲ್ಲ.

ಹಾಗಾದರೆ ಕೊನೆಯ ಗಳಿಗೆಯಲ್ಲಿ ಏನಾಯಿತು ಅಂತ ಹೇಳುವವರು ಯಾರು? ಹೇಳಿದ್ದು ಈ ಪೆಟ್ಟಿಗೆ.

ಇದರ ಹೆಸರು ಬ್ಲ್ಯಾಕ್ ಬಾಕ್ಸ್. ಕಪ್ಪು ಪೆಟ್ಟಿಗೆ ಅಂತ ಅರ್ಥ. ಆದರೆ ಬಣ್ಣ ಕಪ್ಪಲ್ಲ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ. ಸುಟ್ಟ ಬೂದಿಯ ನಡುವೆಯೂ ಬೇಗ ಕಾಣಬೇಕಲ್ಲ, ಅದಕ್ಕೆ. ಸಾಮಾನ್ಯವಾಗಿ ವಿಮಾನದಲ್ಲಿ ಇಂಥ ಪೆಟ್ಟಿಗೆ ಎರಡು ಇರುತ್ತವೆ. ಒಂದು, ಪೈಲಟರ ಕೋಣೆಯ ಮಾತುಗಳನ್ನು ಹಿಡಿದಿಡುತ್ತದೆ. ಇನ್ನೊಂದು, ವಿಮಾನ ಎಷ್ಟು ಎತ್ತರದಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಎಂಜಿನ್ ಹೇಗಿತ್ತು ಎಂಬ ಲೆಕ್ಕ ಬರೆದಿಡುತ್ತದೆ.

ಇದನ್ನು ಮಾಡಬೇಕು ಎಂದು ಮೊದಲು ಹೊರಟವರಲ್ಲಿ ಒಬ್ಬರು ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರೆನ್. ಅವರು ಒಂಬತ್ತು ವರ್ಷದ ಹುಡುಗನಾಗಿದ್ದಾಗ, 1934ರಲ್ಲಿ, ಅವರ ತಂದೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಮುದ್ರದ ಮೇಲೆ ವಿಮಾನವೇ ಕಾಣೆಯಾಗಿತ್ತು. ಮುಂದೆ 1950ರ ದಶಕದಲ್ಲಿ ವಾರೆನ್ ಪೈಲಟರ ಮಾತನ್ನೂ ವಿಮಾನದ ಲೆಕ್ಕವನ್ನೂ ಹಿಡಿದಿಡುವ ಯಂತ್ರ ಮಾಡಿ ತೋರಿಸಿದರು.

ಈಗ ದೊಡ್ಡ ಪ್ರಶ್ನೆ. ವಿಮಾನವೇ ಪುಡಿಯಾಗುವಾಗ ಈ ಪೆಟ್ಟಿಗೆ ಉಳಿಯುವುದು ಹೇಗೆ?

ಒಂದು ತೆಂಗಿನಕಾಯಿ ನೆನಪು ಮಾಡಿಕೊಳ್ಳಿ. ಅಷ್ಟು ಎತ್ತರದ ಮರದಿಂದ ಬಿದ್ದರೂ ಒಳಗಿನ ನೀರು ಚೆಲ್ಲುವುದಿಲ್ಲ. ಯಾಕೆ? ಹೊರಗೆ ಸಿಪ್ಪೆ, ಅದರ ಒಳಗೆ ಗೆರಟೆ. ಪದರದ ಮೇಲೆ ಪದರ. ಪೆಟ್ಟಿಗೆಯ ಉಪಾಯವೂ ಅದೇ. ಪದರಗಳು ಮಾತ್ರ ಬೇರೆ. ಎಲ್ಲಕ್ಕಿಂತ ಹೊರಗೆ ಗಟ್ಟಿ ಸ್ಟೀಲು ಅಥವಾ ಟೈಟಾನಿಯಂ ಲೋಹ. ಇದು ಪೆಟ್ಟು ತಡೆಯುತ್ತದೆ. ಅದರ ಒಳಗೆ ಬಿಸಿ ದಾಟದ ವಸ್ತುವಿನ ದಪ್ಪ ಪದರ. ಒಲೆಯಿಂದ ಪಾತ್ರೆ ಇಳಿಸುವಾಗ ನಾವು ಬಟ್ಟೆ ಹಿಡಿಯುತ್ತೇವಲ್ಲ, ಆ ಬಟ್ಟೆಯ ಕೆಲಸ ಇದು ಮಾಡುತ್ತದೆ. ನಡುವಿನಲ್ಲಿ ಮೊಬೈಲಿನ ಮೆಮೊರಿಯಂಥ ಸಣ್ಣ ಚಿಪ್ಪುಗಳು. ಕಾಪಾಡಬೇಕಾದದ್ದು ಅಷ್ಟೇ. ಉಳಿದದ್ದೆಲ್ಲ ಅದಕ್ಕೆ ಕವಚ.

ಇಂಥ ಪೆಟ್ಟಿಗೆಯನ್ನು ಹಾಗೇ ನಂಬುವುದಿಲ್ಲ. ಮೊದಲು ಪರೀಕ್ಷೆ ಮಾಡುತ್ತಾರೆ. ಫಿರಂಗಿಯಂಥ ಯಂತ್ರದಿಂದ ಹಾರಿಸಿ ಗಟ್ಟಿ ಗುರಿಗೆ ಬಡಿಸುತ್ತಾರೆ. ಆಗ ಅದರ ಮೇಲೆ ಬೀಳುವ ಬಲ ಅದರ ತೂಕದ 3,400 ಪಟ್ಟು. ಸ್ಟೀಲಿನ ಮೊಳೆ ಕಟ್ಟಿದ 227 ಕಿಲೋ ಭಾರವನ್ನು 3 ಮೀಟರ್ ಎತ್ತರದಿಂದ ಅದರ ಮೇಲೆ ಬೀಳಿಸುತ್ತಾರೆ. ಸುಮಾರು 2,270 ಕಿಲೋ ಒತ್ತಡ ಹಾಕಿ 5 ನಿಮಿಷ ಅದುಮುತ್ತಾರೆ.

ಆಮೇಲೆ ಬೆಂಕಿಯ ಪರೀಕ್ಷೆ. 1,100 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಡುತ್ತಾರೆ. ಚಿನ್ನ 1,064 ಡಿಗ್ರಿಗೆ ಕರಗುತ್ತದೆ. ನಮ್ಮ ಕಿವಿಯ ಓಲೆ ನೀರಾಗುವ ಬೆಂಕಿಯಲ್ಲಿ ಈ ಪೆಟ್ಟಿಗೆಯ ಚಿಪ್ಪು ಉಳಿಯಬೇಕು! ಅಷ್ಟಕ್ಕೇ ಬಿಡುವುದಿಲ್ಲ. 260 ಡಿಗ್ರಿಯಲ್ಲಿ 10 ಗಂಟೆ ಇಡುತ್ತಾರೆ. ತೆಂಗಿನ ಸಿಪ್ಪೆಯ ಬೆಂಕಿ ಗೊತ್ತುಂಟಲ್ಲ? ಉರಿ ಆರಿದರೂ ಒಳಗೊಳಗೇ ಕೆಂಡ ಇರುತ್ತದೆ. ಅಪಘಾತದ ಜಾಗದಲ್ಲೂ ಹಾಗೆ. ಮೆಲ್ಲಗೆ ಒಳಗೆ ಇಳಿಯುವ ಬಿಸಿಯನ್ನೂ ಪೆಟ್ಟಿಗೆ ತಡೆಯಬೇಕು.

ನೀರಿಗೆ ಬಿದ್ದರೆ? ಪೆಟ್ಟಿಗೆಗೆ ಅಂಟಿಸಿದ ಒಂದು ಸಣ್ಣ ಯಂತ್ರ ನೀರು ತಾಗಿದ ಕೂಡಲೇ ಸದ್ದು ಮಾಡತೊಡಗುತ್ತದೆ. ಆ ಸದ್ದು ನಮ್ಮ ಕಿವಿಗೆ ಕೇಳುವುದಿಲ್ಲ, ಹುಡುಕುವ ಯಂತ್ರಕ್ಕೆ ಕೇಳುತ್ತದೆ. ಹಿಂದೆ ಅದು 30 ದಿನ ಸದ್ದು ಮಾಡುತ್ತಿತ್ತು. ಹೊಸದರಲ್ಲಿ 90 ದಿನ. 2009ರ ಜೂನ್ 1ರಂದು ಏರ್ ಫ್ರಾನ್ಸ್ ವಿಮಾನವೊಂದು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಅದರ ಪೆಟ್ಟಿಗೆಗಳು ಸಿಕ್ಕಿದ್ದು ಸುಮಾರು ಎರಡು ವರ್ಷದ ಮೇಲೆ, 3,900 ಮೀಟರ್ ಆಳದಲ್ಲಿ. ಆದರೂ ಒಳಗಿದ್ದದ್ದನ್ನು ಓದಲು ಆಯಿತು.

ಹಾಗಂತ ಈ ಪೆಟ್ಟಿಗೆ ಹಾಳಾಗುವುದೇ ಇಲ್ಲ ಅಂತ ತಿಳಿಯಬೇಡಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿತ್ತು. ಆ ವಿಮಾನದಲ್ಲಿ ಮಾತು, ಲೆಕ್ಕ ಎರಡನ್ನೂ ಹಿಡಿಯುವ ಪೆಟ್ಟಿಗೆ ಮುಂದೆ ಒಂದು, ಹಿಂದೆ ಒಂದು ಇತ್ತು. ಹಿಂದಿನದು ತುಂಬ ಹಾಳಾಗಿತ್ತು. ಸಾಮಾನ್ಯ ರೀತಿಯಲ್ಲಿ ಅದನ್ನು ಓದಲು ಆಗಲಿಲ್ಲ. ಮುಂದಿನ ಪೆಟ್ಟಿಗೆ ಮಾಹಿತಿ ಕೊಟ್ಟಿತು. ಒಂದು ಹೋದರೆ ಇನ್ನೊಂದು ಇರಲಿ ಎಂಬ ಮುಂದಾಲೋಚನೆ ಕೆಲಸಕ್ಕೆ ಬಂತು.

ಇನ್ನು ಮಂಗಳೂರಿನ ಪೆಟ್ಟಿಗೆಗಳು ಏನು ಹೇಳಿದವು? ದಾರಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿದ್ದರು. ಇಳಿಯುವಾಗ ವಿಮಾನ ಇರಬೇಕಾದದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗುವ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು. ಯಂತ್ರವೂ ಎಚ್ಚರಿಸಿತ್ತು. ಆದರೂ ವಿಮಾನ ಇಳಿಯಿತು. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ನಿಲ್ಲಲು ಜಾಗ ಸಾಲಲಿಲ್ಲ.

ಪೆಟ್ಟಿಗೆ ಇಲ್ಲದಿದ್ದರೆ ನಾವು ಏನು ಹೇಳುತ್ತಿದ್ದೆವು? ವಿಧಿ ಅನ್ನುತ್ತಿದ್ದೆವು. ಗ್ರಹಚಾರ ಅನ್ನುತ್ತಿದ್ದೆವು. ಸುಮ್ಮನಾಗುತ್ತಿದ್ದೆವು. ಗ್ರಹಚಾರವನ್ನು ತಿದ್ದಲು ಆಗುವುದಿಲ್ಲ, ತಪ್ಪನ್ನು ತಿದ್ದಬಹುದು. ದೊಡ್ಡವರು ತಪ್ಪುವಾಗ ಚಿಕ್ಕವರ ಮಾತು ಕೇಳಬೇಕು ಎಂಬುದು ಆ ಪೆಟ್ಟಿಗೆ ಉಳಿಸಿಕೊಟ್ಟ ಪಾಠ.

ಹೋದವರನ್ನು ಆ ಪೆಟ್ಟಿಗೆ ಮರಳಿ ತರುವುದಿಲ್ಲ. ಆದರೆ ಯಾಕೆ ಹೋದರು ಅಂತ ಮನೆಯವರಿಗೆ ಹೇಳುತ್ತದೆ. ನಾಳೆ ವಿಮಾನ ಹತ್ತುವ ನಮ್ಮ ಮಕ್ಕಳನ್ನು ಕಾಯಲು ಆ ಮಾತು ಬೇಕು.