ಕಿಟಕಿಯ ಮೂಲೆಯ ಮಣ್ಣುಗೂಡು



ಮಕ್ಕಳನ್ನು ತರಗತಿಯ ಹೊರಗೆ, ಗಿಡಮರಗಳ ನಡುವೆ ಕರೆದೊಯ್ದು ಕಲಿಸಲು ಉಪಾಧ್ಯಾಯರಿಗೆ ಹೇಗೆ ನೆರವಾಗಬಹುದೆಂಬುದು ಇಂದಿನ ವಿಷಯ. ಅದನ್ನು ಕುರಿತು ನಾಲ್ಕು ಮಾತು ಆಡುವುದಕ್ಕೆ ಮೊದಲು, ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

1984ರ ಮಾತು. ನಾನು ಮೇಷ್ಟರ ಕೆಲಸಕ್ಕೆ ಸೇರಿದ ಹೊಸತು. ಹಳ್ಳಿಯ ಶಾಲೆ. ಕಿಟಕಿಯ ಮೂಲೆಯಲ್ಲಿ ಕಡಜವೊಂದು ಮಣ್ಣಿನ ಗೂಡು ಕಟ್ಟುತ್ತಿತ್ತು. ಒಂದು ದಿನ ಪಾಠದ ನಡುವೆ ಅದು ಹಸುರು ಹುಳುವೊಂದನ್ನು ಹೊತ್ತು ತಂದು ಗೂಡಿನೊಳಕ್ಕೆ ತುರುಕತೊಡಗಿತು. ಮಕ್ಕಳ ಕಣ್ಣೆಲ್ಲ ಅತ್ತ ತಿರುಗಿದವು. ನನಗೂ ಹುರುಪು ಬಂತು. ಹಿಂದಿನವರು ಹೇಳುತ್ತಿದ್ದ ಕೀಟ-ಭ್ರಮರ ನ್ಯಾಯವನ್ನು ವಿವರಿಸಿದೆ. ಗೂಡಿನಲ್ಲಿ ಸೆರೆಯಾದ ಹುಳು ಹಗಲಿರುಳೂ ಕಡಜವನ್ನೇ ಧ್ಯಾನಿಸುತ್ತ ಕೊನೆಗೆ ತಾನೂ ಕಡಜವೇ ಆಗಿಬಿಡುತ್ತದೆ. ನೀವೂ ಹಾಗೆ ಮನಸ್ಸಿಟ್ಟು ಓದಬೇಕು ಎಂದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಇಲ್ಲ ಸಾ, ಹುಳ ಕಡಜ ಆಗಲ್ಲ. ನಮ್ಮ ಮನೇಲಿ ಗುಡಿಸೋವಾಗ ಗೂಡು ಬಿದ್ದು ಒಡೆದುಹೋಯ್ತು. ಒಳಗೆ ಬಿಳೀ ಮರಿಯೊಂದು ಹಸುರು ಹುಳಾನ ತಿಂತಾ ಇತ್ತು" ಎಂದಳು.

ತರಗತಿ ನಕ್ಕಿತು. ಆ ನಗೆ ಅವಳನ್ನು ಕುರಿತದ್ದೋ ನನ್ನನ್ನು ಕುರಿತದ್ದೋ ತಿಳಿಯದೆ ನನ್ನ ಮುಖ ಬಿಸಿಯಾಯಿತು. "ದೊಡ್ಡವರ ಮಾತಿಗೆ ಎದುರಾಡಬಾರದು, ಕೂತುಕೋ" ಎಂದುಬಿಟ್ಟೆ. ಅವಳು ಕುಳಿತಳು. ಆ ವರ್ಷವೆಲ್ಲ ಅವಳು ಮತ್ತೆ ಕೈಯೆತ್ತಲಿಲ್ಲ.

ಅವಳು ಕಂಡದ್ದೇ ನಿಜವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಾಯಿ ಕಡಜ ಹುಳುವನ್ನು ಕುಟುಕುತ್ತದೆ. ಹುಳು ಸಾಯುವುದಿಲ್ಲ, ಅಲುಗಾಡುವ ಶಕ್ತಿಯನ್ನು ಮಾತ್ರ ಕಳೆದುಕೊಳ್ಳುತ್ತದೆ. ಹಾಗಾಗಿ ಅದು ಕೊಳೆಯದೆ ಉಳಿಯುತ್ತದೆ. ಗೂಡಿನ ಚಾವಣಿಯಿಂದ ನವಿರಾದ ಎಳೆಯೊಂದಕ್ಕೆ ತೂಗುಬಿದ್ದಂತೆ ಮೊಟ್ಟೆಯಿಟ್ಟು, ಹುಳುಗಳನ್ನು ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿ ಕಡಜ ಹೊರಟುಹೋಗುತ್ತದೆ. ಮೊಟ್ಟೆಯೊಡೆದ ಮರಿ ಈ ಬುತ್ತಿಯನ್ನು ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಗೋಡೆ ಕೊರೆದು ಹೊರಬರುತ್ತದೆ. ಹುಳು ಒಳಹೊಕ್ಕಿತು, ಕಡಜ ಹೊರಬಂತು. ನಡುವಣ ಕಥೆಯನ್ನು ನಮ್ಮ ಹಿರಿಯರು ಕಲ್ಪಿಸಿಕೊಂಡರು. ಭಕ್ತಿಯ ಉಪಮೆಯಾಗಿ ಅದು ಇಂದಿಗೂ ಸುಂದರವೇ. ವೇದಾಂತಿಗಳೂ ವಚನಕಾರರೂ ಅದನ್ನು ಬಳಸಿದ್ದಾರೆ. ಆದರೆ ಉಪಮೆಯನ್ನು ಮುಂದಿಟ್ಟು ಕಣ್ಣಾರೆ ಕಂಡ ಮಗುವಿನ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು.

ಇದೇ ಬಗೆಯ ಪ್ರಸಂಗ ಫ್ರಾನ್ಸ್ ದೇಶದ ಒಬ್ಬ ತರುಣ ಉಪಾಧ್ಯಾಯನ ಬಾಳಿನಲ್ಲಿಯೂ ನಡೆದಿತ್ತು. ಅವನ ಹೆಸರು ಝಾನ್ ಆಂರಿ ಫಾಬ್ರ್. 1843ರ ಸುಮಾರಿನಲ್ಲಿ, ಇಪ್ಪತ್ತರ ಹರೆಯದ ಈ ಮೇಷ್ಟರು ಭೂಮಿ ಅಳೆಯುವುದನ್ನು ಕಲಿಸಲು ಹುಡುಗರನ್ನು ಬಯಲಿಗೆ ಕರೆದೊಯ್ಯುತ್ತಿದ್ದರು. ಹುಡುಗರು ಅಳತೆಯ ಕೆಲಸ ಬಿಟ್ಟು ಅಲ್ಲಲ್ಲಿ ಬಗ್ಗುತ್ತಿದ್ದರು. ನೋಡಿದರೆ, ಬೆಣಚುಕಲ್ಲುಗಳ ಮೇಲೆ ಕಪ್ಪು ದುಂಬಿಯೊಂದು ಕಟ್ಟಿದ ಮಣ್ಣುಗೂಡುಗಳು. ಹುಡುಗರು ಹುಲ್ಲುಕಡ್ಡಿ ಹಾಕಿ ಅದರೊಳಗಿನ ಜೇನು ಸವಿಯುತ್ತಿದ್ದರು! ಮೇಷ್ಟರಿಗೆ ಅದು ತಿಳಿದಿರಲಿಲ್ಲ. ಅವರು ಗದರಲಿಲ್ಲ; ತಾವೂ ಅವರೊಡನೆ ಬಗ್ಗಿದರು. ಆ ದುಂಬಿಯ ವಿಷಯ ತಿಳಿಯಲು ಒಂದು ತಿಂಗಳ ಸಂಬಳ ತೆತ್ತು ಪುಸ್ತಕ ಕೊಂಡರು. ಮುಂದೆ ಕೀಟಜೀವನವನ್ನು ಕುರಿತು ಹತ್ತು ಸಂಪುಟಗಳನ್ನು ಬರೆದ ಮಹನೀಯರು ಇವರೇ. ಶಿಷ್ಯರಿಂದ ಕಲಿತ ಆ ಒಂದು ಗಳಿಗೆ ಅವರನ್ನು ಸಣ್ಣವರನ್ನಾಗಿ ಮಾಡಲಿಲ್ಲ.

ನಮ್ಮಲ್ಲಿಯೂ ಇಂಥ ಗುರುಗಳು ಇಲ್ಲದಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವಗಳಿಂದ ಹುಟ್ಟಿದ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಸಸ್ಯಶಾಸ್ತ್ರ ಅಲ್ಲಿ ನಗೆ, ಹರಟೆ, ಕಾಲುನೋವುಗಳ ಜೊತೆಯಲ್ಲೇ ಬರುತ್ತದೆ.

ಇನ್ನು ಸರಕಾರದ ಮಟ್ಟದಲ್ಲಿ ಅಪ್ಪಣೆಗಳಿಗೇನೂ ಕೊರತೆಯಿಲ್ಲ. ಪರಿಸರವನ್ನು ಕಡ್ಡಾಯ ಪಾಠವಾಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಹೇಳಿತು. ಶಾಲೆಯ ತಿಳಿವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹೇಳಿತು. ಆದರೂ ಎಷ್ಟೋ ಶಾಲೆಗಳಲ್ಲಿ ಪರಿಸರವೇ ಪುಸ್ತಕದ ರೂಪದಲ್ಲಿ ಒಳಗೆ ಬಂತೇ ಹೊರತು ಮಕ್ಕಳು ಹೊರಗೆ ಹೋಗಲಿಲ್ಲ. ಕಾರಣ ಉಪಾಧ್ಯಾಯರ ಸೋಮಾರಿತನವೆಂದು ನಾನು ಹೇಳಲಾರೆ. ಮುಂದೆ ಹಲವು ವರ್ಷ ಉಪಾಧ್ಯಾಯರ ತರಬೇತಿಯ ಕೆಲಸದಲ್ಲಿದ್ದವನು ನಾನು. ಕಾಡಿಲ್ಲ, ಹಣವಿಲ್ಲ, ಸಮಯವಿಲ್ಲವೆಂದು ಅವರು ಹೇಳುವುದುಂಟು. ಸ್ವಲ್ಪ ಸಲಿಗೆ ಬೆಳೆದ ಮೇಲೆ ನಿಜವಾದ ಮಾತು ಹೊರಬರುತ್ತದೆ: "ಮಕ್ಕಳು ಕೇಳಿದ್ದಕ್ಕೆ ನನಗೆ ಉತ್ತರ ಬಾರದೆ ಹೋದರೆ?" ಅದು ನನಗೆ ಚೆನ್ನಾಗಿ ಪರಿಚಯವಿದ್ದ ಭಯ.

ಆದ್ದರಿಂದ ಉಪಾಧ್ಯಾಯರಿಗೆ ಮೊದಲು ಬೇಕಾದದ್ದು ಇನ್ನೊಂದು ಕೈಪಿಡಿಯಲ್ಲ. ಜೊತೆಗೆ ನಡೆಯುವ ಒಬ್ಬ ಸಂಗಾತಿ. ತರಬೇತಿಯೆಂದರೆ ಭಾಷಣ ಕೇಳಿಸುವುದನ್ನು ಬಿಟ್ಟು ನಾವು ಅವರನ್ನೇ ಹೊರಗೆ ಕರೆದೊಯ್ಯತೊಡಗಿದೆವು. ಮೂರೇ ಪ್ರಶ್ನೆ: ಏನು ಕಂಡಿತು? ಏಕಿರಬಹುದು? ತಿಳಿಯುವುದು ಹೇಗೆ? ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಬೇಕು. ಐವತ್ತು ವರ್ಷದ ಮುಖ್ಯೋಪಾಧ್ಯಾಯರು ಮೊದಲ ಬಾರಿಗೆ ಹಾಗೆ ಬರೆದು, ನಿರಾಳವಾಗಿ ನಕ್ಕದ್ದನ್ನು ನಾನು ಕಂಡಿದ್ದೇನೆ.

ಮಕ್ಕಳೊಡನೆ ಹೊರಡುವಾಗ ದೊಡ್ಡ ಪ್ರವಾಸ ಬೇಕಿಲ್ಲ. ಶಾಲೆಯಂಗಳದ ಒಂದು ಹೊಂಗೆಮರ ಸಾಕು. ವಾರಕ್ಕೊಮ್ಮೆ ಕಾಲು ಗಂಟೆ, ವರ್ಷಪೂರ್ತಿ. ಎಲೆ ಉದುರಿದ್ದು, ಯುಗಾದಿಯ ಹೊತ್ತಿಗೆ ಚಿಗುರಿದ್ದು, ಹೂವಿಗೆ ಜೇನ್ನೊಣ ಮುತ್ತಿದ್ದು ಎಲ್ಲವನ್ನೂ ಮಕ್ಕಳೇ ದಿನಾಂಕ ಹಾಕಿ ಬರೆದಿಡಲಿ. ಹಿಂದಿನ ದಿನ ಉಪಾಧ್ಯಾಯರು ತಾವೊಬ್ಬರೇ ಹೋಗಿ ಜಾಗ ನೋಡಿ ಬರಲಿ; ಕಡಜ, ಹಾವು, ಮುಳ್ಳಿನ ಎಚ್ಚರವಿರಲಿ. ನಲವತ್ತು ಮಕ್ಕಳಿದ್ದರೆ ಐದೈದು ಜನರ ಗುಂಪು ಮಾಡಲಿ. ಮರಳಿ ಬಂದು ಕಂಡದ್ದನ್ನು ಹೇಳಿಸಲಿ. ತಪಾಸಣೆಗೆ ಬರುವ ಅಧಿಕಾರಿಗಳು ಖಾಲಿ ತರಗತಿಯನ್ನು ಕಂಡು ಹುಬ್ಬು ಗಂಟಿಕ್ಕದೆ, ಮರದ ಕೆಳಗೆ ಹೋಗಿ ತಾವೂ ಒಂದು ಪ್ರಶ್ನೆ ಕೇಳಲಿ. ಅದಕ್ಕಿಂತ ದೊಡ್ಡ ನೆರವು ಬೇರೆಯಿಲ್ಲ.

ಆ ಹುಡುಗಿ ಈಗ ಎಲ್ಲಿದ್ದಾಳೋ ನಾನರಿಯೆ. ಬಹುಶಃ ಅವಳ ಮಕ್ಕಳೇ ಶಾಲೆ ಮುಗಿಸಿರಬಹುದು. ಅಕಸ್ಮಾತ್ ಈ ಹೊತ್ತು ಅವಳು ಬಾನುಲಿಯ ಬಳಿ ಇದ್ದರೆ ಒಂದು ಮಾತು: ನೀನು ಕಂಡದ್ದು ಸರಿಯಾಗಿತ್ತು, ತಾಯಿ. ಕೂತುಕೋ ಎಂದ ನಾನು, ಎದ್ದು ನಿನ್ನೊಡನೆ ಆ ಗೂಡನ್ನು ನೋಡಲು ಬರಬೇಕಾಗಿತ್ತು.