ಕಡಲಾಮೆಯ ಮರಿಗೂ ಅಂಗಳದ ದೀಪಕ್ಕೂ ಏನು ನಂಟು?



ಹೊಲದಲ್ಲಿ ದೀಪದ ಬಲೆ ಇಟ್ಟವರಿಗೆ ಈ ಮಾತು ಬೇಗ ತಿಳಿದೀತು. ರಾತ್ರಿ ದೀಪ ಹಚ್ಚಿ, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿಡುತ್ತೀರಿ. ಕಂಬಳಿಹುಳುವಿನ ಪತಂಗ ತಾನಾಗಿ ಬಂದು ಬೀಳುತ್ತದೆ. ಅದು ಬೇಕೆಂದೇ ಒಡ್ಡಿದ ಬಲೆ. ಕರಾವಳಿಯಲ್ಲಿ ನಾವು ಅರಿಯದೆ ಒಡ್ಡುತ್ತಿರುವ ಅಂಥದೇ ಬಲೆ ಇನ್ನೊಂದಿದೆ.

ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ ಮುಂತಾದ ತೀರಗಳಿಗೆ ಆಲಿವ್ ರಿಡ್ಲಿ ಎಂಬ ಕಡಲಾಮೆ ಚಳಿಗಾಲದಿಂದ ಬೇಸಿಗೆಯವರೆಗೆ ಮೊಟ್ಟೆಯಿಡಲು ಬರುತ್ತದೆ. ರಾತ್ರಿ ಹೊಯಿಗೆಯ ಮೇಲೆ ತೆವಳಿ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆಯಿಟ್ಟು, ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. 45ರಿಂದ 60 ದಿನಕ್ಕೆ ಮರಿಗಳು ಮೇಲೇಳುತ್ತವೆ, ಹೆಚ್ಚಾಗಿ ರಾತ್ರಿಯಲ್ಲೇ.

ಅವಕ್ಕೆ ದಾರಿ ತೋರುವವರಾರು? ಬೆಳಕು. ತೆಂಗಿನ ತೋಟದ ಕಡೆ ಕಪ್ಪು, ಕಡಲ ಕಡೆ ಬಾನಿನ ತಿಳಿಬೆಳಕು. ಮರಿ ಬೆಳಕಿನತ್ತ ಓಡುತ್ತದೆ. ನಿಮ್ಮ ಅಂಗಳದ ಬಿಳಿ ದೀಪ ಅದಕ್ಕಿಂತ ಪ್ರಖರವಾಗಿದ್ದರೆ, ಅದೇ ಕಡಲೆಂದು ಬಗೆದು ಇತ್ತ ಬಂದುಬಿಡುತ್ತದೆ. ಆಮೇಲೆ ನಾಯಿ, ನರಿ, ಕಾಗೆ, ರಸ್ತೆಯ ಗಾಲಿ. ಉಳಿದದ್ದು ಬಿಸಿಲಿಗೆ ಒಣಗುತ್ತದೆ. ತಾಯಾಮೆಯೂ ದೀಪ ಕಂಡು ಮೊಟ್ಟೆಯಿಡದೆ ಮರಳುವುದುಂಟು.

ಮೊಟ್ಟೆ ಕದಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇದು ಬಹುಮಂದಿಗೆ ಗೊತ್ತು. ದೀಪದ ಮಾತು ಬಂದರೆ ಮಾತ್ರ “ನನ್ನ ಮನೆ, ನನ್ನ ಕರೆಂಟು” ಅನ್ನುತ್ತೇವೆ! ಅಮೆರಿಕದ ಫ್ಲಾರಿಡಾದಲ್ಲಿ, ಆಮೆಯ ಕಾಲದಲ್ಲಿ ಮನೆದೀಪ ತೀರಕ್ಕೆ ಕಾಣಬಾರದೆಂದು ಅನೇಕ ಕಡಲೂರುಗಳು ಕಟ್ಟಳೆಯನ್ನೇ ಮಾಡಿವೆ.

ದೀಪ ಆರಿಸಿ ಕತ್ತಲಲ್ಲಿ ಕೂತಿರಿ ಅಂತ ಹೇಳ್ತಾ ಇಲ್ಲ. ಹಾವು ಹರಿಯುವ ಅಂಗಳ, ಬೆಳಕು ಬೇಕೇ ಬೇಕು. ಎತ್ತರದ ದೀಪವನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ. ಕಡಲ ಕಡೆಗೆ ತಗಡಿನ ಮರೆ ಕಟ್ಟಿ, ಬೆಳಕು ನೆಲಕ್ಕಷ್ಟೇ ಬೀಳಲಿ. ಬಿಳಿ ಬಲ್ಬಿನ ಬದಲು ಕೆಂಪು ಬಲ್ಬು ಹಾಕಿ. ಆ ಬಣ್ಣ ಮರಿಗಳನ್ನು ಅಷ್ಟಾಗಿ ಸೆಳೆಯದು. ಕಡಲಿಗೆ ತೆರೆದ ಕಿಟಕಿಗೆ ಪರದೆ ಎಳೆಯಿರಿ.

ಪೇಚಾಟ ಬರುವುದು ಅತಿಥಿಗಳಿಂದ. ನಾನಿರುವುದು ಬೆಂಗಳೂರಿನ ನಂದಿನಿ ಲೇಔಟಿನಲ್ಲಿ; ರಜೆಗೆ ನಿಮ್ಮಲ್ಲಿ ಬಂದು ತಂಗುವ ನಮ್ಮವರೇ “ಕಡಲು ಕಾಣ್ಲಿ, ದೊಡ್ಡ ಲೈಟು ಹಾಕಿ” ಅಂದಾರು. ಬಾಡಿಗೆ ಕೊಟ್ಟವರ ಮಾತು ಮೀರೋದು ಹೇಗೆ ಅಂತೀರಾ? ಮುಂಗಡ ಹಿಡಿಯುವಾಗಲೇ ಹೇಳಿಬಿಡಿ. ಆಮೆ ಬರುವ ತೀರ ಅಂದರೆ ತಾವೇ ದೀಪ ಆರಿಸುವವರೂ ಇದ್ದಾರೆ.

ದಾರಿತಪ್ಪಿದ ಮರಿ ಅಂಗಳದಲ್ಲಿ ಕಂಡರೆ ಟಾರ್ಚು ಬಿಡಬೇಡಿ, ಫೋಟೋಕ್ಕೆಂದು ಮಿಂಚು ಹೊಡೆಯಬೇಡಿ. ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ. ಅವರು ಬರುವತನಕ ಹೊರಗಿನ ದೀಪ ಆರಿಸಿ, ನಾಯಿಯನ್ನು ಕಟ್ಟಿಹಾಕಿ.